ಹೋಟ್ಲಲ್ಲಿ ಬಿದ್ದು ಗಾಯ ಆಯ್ತಾ? ಕೇಸ್ ಹಾಕ್ಬೇಕಾ ಬೇಡ್ವಾ ಅಂತ ತೀರ್ಮಾನ ಮಾಡೋದು ಹೀಗೆ

ಮಳೆಗಾಲ ಶುರುವಾದ್ರೆ ಕೊಡಗಿನ ಹೋಮ್‌ಸ್ಟೇ, ರೆಸಾರ್ಟುಗಳಲ್ಲಿ ಪಾಚಿ ಕಟ್ಟಿದ ಕಲ್ಲು ಮೆಟ್ಟಿಲು, ನುಣ್ಣನೆ ಬಾತ್‌ರೂಮ್ ಟೈಲ್ಸು, ಕರೆಂಟ್ ಹೋದ್ರೆ ಕೈ ಕಾಲು ಕಾಣದ ಕಾರಿಡಾರು, ಎಲ್ಲಾ ಕಡೆ ಜನ ಜಾರ್ತಾ ಇರ್ತಾರೆ. ಬಿದ್ದ ಮೇಲೆ ಕೆಲವರು ಅಲ್ಲೇ ರಿಸೆಪ್ಶನ್ನಲ್ಲಿ ನಿಂತು ಕೋರ್ಟಿಗೆ ಎಳೀತೀನಿ ಅಂತ ಕೂಗಾಡ್ತಾರೆ, ಇನ್ನು ಕೆಲವರು ನಮ್ಮ ಗ್ರಹಚಾರ ಅಂತ ಬ್ಯಾಂಡೇಜ್ ಕಟ್ಕೊಂಡು ಊರಿಗೆ ಹೋಗ್ತಾರೆ. ನಾನು ನೋಡಿರೋ ಹಾಗೆ ಕೇಸ್ ಕೈ ತಪ್ಪೋದು ಗ್ರಾಹಕರ ದೂರು ಕೇಳೋ ಗ್ರಾಹಕ ಆಯೋಗದ ಮುಂದೆ ಅಲ್ಲವೇ ಅಲ್ಲ, ಬಿದ್ದ ಮೊದಲ ಎರಡು ದಿನದಲ್ಲೇ ತಪ್ಪಿಹೋಗಿರತ್ತೆ. ಅದಕ್ಕೇ ಆ ಭಾಗನ ಬಿಡಿಸಿ ಬರೀತೀನಿ.

ಮೊದಲು ಆಸ್ಪತ್ರೆ. ಇದು ಎಲ್ರಿಗೂ ಗೊತ್ತಿರೋದೇ. ಆದ್ರೆ ಅಲ್ಲಿ ಒಂದು ಪ್ರಶ್ನೆ ಕೇಳ್ತಾರೆ, "ಹೇಗೆ ಬಿದ್ರಿ ಅಕ್ಕಾ?" ನೋವಲ್ಲಿ ಇರೋರು "ಜಾರಿ ಬಿದ್ದೆ ಸಿಸ್ಟರ್" ಅಂದು ಕಣ್ಣು ಮುಚ್ತಾರೆ. ಕೇಸ್ ಶೀಟಲ್ಲಿ ಅಷ್ಟೇ ದಾಖಲಾಗತ್ತೆ, ಎಲ್ಲಿ ಅಂತ ಇರಲ್ಲ, ಒಮ್ಮೊಮ್ಮೆ ಮನೇಲಿ ಬಿದ್ದಿದ್ದು ಅಂತಾನೇ ಸೇರಿಕೊಳ್ಳತ್ತೆ. ಆರು ತಿಂಗಳಾದ್ಮೇಲೆ ಹೋಟೆಲ್ ಕಡೆ ಲಾಯರ್ ಮೊದಲು ತೋರಿಸೋದೇ ಆ ಸಾಲನ್ನ. "ಇಂಥ ರೆಸಾರ್ಟಿನ ಮೆಟ್ಟಿಲಲ್ಲಿ, ಇಷ್ಟು ಗಂಟೆಗೆ, ಲೈಟ್ ಇರ್ಲಿಲ್ಲ, ಜಾರಿದೆ" ಅಂತ ಪೂರ್ತಿ ಹೇಳಿ, ಬರೆದಿದ್ದನ್ನ ಓದಿಸಿ ನೋಡಿ. ಮೂಳೆ ಮುರಿದಿದ್ರೆ, ತಲೆಗೆ ಪೆಟ್ಟಾಗಿದ್ರೆ ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್, ಅಂದ್ರೆ ಆಸ್ಪತ್ರೆಯೋರು ಪೊಲೀಸರಿಗೂ ತಿಳಿಸೋ ದಾಖಲೆ) ಮಾಡಿ ಅಂತ ನೀವೇ ಕೇಳಿ. ಮಡಿಕೇರಿಯಿಂದ ಮೈಸೂರಿಗೆ ಕಳ್ಸಿದ್ರೆ ರೆಫರಲ್ ಚೀಟಿ ಮತ್ತೆ ಆಂಬುಲೆನ್ಸ್ ರಸೀದಿ ಜೋಪಾನ, ಇವೆರಡನ್ನ ಕಳ್ಕೊಳ್ಳೋರು ಜಾಸ್ತಿ.

ಜಾಗದ ಫೋಟೋ. ಗಾಯದ ಫೋಟೋ ಎಲ್ರೂ ತೆಗೀತಾರೆ, ಗಾಯಕ್ಕೆ ಕಾರಣ ಆಗಿದ್ದರ ಫೋಟೋ ಯಾರೂ ತೆಗೆಯಲ್ಲ! ಮೆಟ್ಟಿಲ ಮೇಲಿನ ಪಾಚಿ, ಒಡೆದ ಅಂಚು, ಹಿಡ್ಕೊಳ್ಳೋಕೆ ಕಂಬಿ ಇಲ್ಲದ ಕಡೆ, ಉರೀದ ಬಲ್ಬು, ಒದ್ದೆ ನೆಲ ಅಂತ ಬೋರ್ಡ್ ಇತ್ತಾ ಇಲ್ವಾ, ನೀವು ಹಾಕಿದ್ದ ಚಪ್ಪಲಿಯ ತಳ, ಎಲ್ಲಾ ಬೇಕು. ಮಾರನೇ ದಿನವೇ ಹುಡುಗರು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ಮೆಟ್ಟಿಲು ಬೆಳ್ಳಗೆ ಮಾಡಿಬಿಡ್ತಾರೆ, ಆಮೇಲೆ ಪಾಚಿ ಇತ್ತು ಅಂತ ಯಾರೂ ನಂಬಲ್ಲ. ಫೋನಲ್ಲಿರೋ ಮೂಲ ಫೋಟೋ ಡಿಲೀಟ್ ಮಾಡ್ಬೇಡಿ, ಯಾಕಂದ್ರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆ ಜೊತೆ ಸರ್ಟಿಫಿಕೇಟ್ ಕೊಡೋ ಪದ್ಧತಿ ಇದೆ, ವಾಟ್ಸಾಪಲ್ಲಿ ಫಾರ್ವರ್ಡ್ ಆಗಿ ಬಂದ ಕಾಪಿಗಿಂತ ಮೂಲದ ತೂಕ ಜಾಸ್ತಿ.

ಸಿಸಿಟಿವಿ ಹಳೇ ರೆಕಾರ್ಡಿಂಗ್ ಮೇಲೆ ತಾನೇ ಹೊಸದು ಬರ್ಕೊಂಡು ಹೋಗ್ತಾ ಇರತ್ತೆ. ಬಾಯಲ್ಲಿ ಕೇಳಿದ್ರೆ ಉಪಯೋಗ ಇಲ್ಲ, ಇಂಥ ದಿನ ಇಷ್ಟರಿಂದ ಇಷ್ಟು ಗಂಟೆವರೆಗಿನ ಫುಟೇಜ್ ಉಳಿಸಿಡಿ ಅಂತ ಅವತ್ತೇ ಇಮೇಲ್ ಹಾಕಿ. ಕೊಡದಿದ್ರೂ ಪರವಾಗಿಲ್ಲ, ಕೇಳಿದ್ದಕ್ಕೆ ಸಾಕ್ಷಿ ಇರತ್ತಲ್ಲ. ಎತ್ತಿ ಕೂರಿಸಿದ ಪಕ್ಕದ ರೂಮಿನವರ ಫೋನ್ ನಂಬರ್ ತಗೊಳ್ಳಿ, ಕೆಲಸದ ಹುಡುಗರು ಮಾಲೀಕರ ವಿರುದ್ಧ ಹೇಳ್ತಾರೆ ಅಂತ ನಂಬ್ಕೊಂಡು ಕೂರೋದು ಬೇಡ.

ಸೈನ್ ಹಾಕ್ಬೇಡಿ. "ಅಣ್ಣಾ, ರೂಮ್ ಬಾಡಿಗೆ ವಾಪಸ್ ಕೊಡ್ತೀವಿ, ಇಲ್ಲೊಂದು ಸೈನ್ ಹಾಕಿ" ಅಂತ ಮ್ಯಾನೇಜರ್ ಮರ್ಯಾದೆಯಿಂದಲೇ ಕೇಳ್ತಾರೆ. ಆ ಹಾಳೇಲಿ ಇನ್ನು ಯಾವ ತಕರಾರೂ ಇಲ್ಲ ಅನ್ನೋ ಸಾಲಿದ್ರೆ ಅದನ್ನೇ ನಿಮ್ಮ ವಿರುದ್ಧ ಹಿಡೀತಾರೆ. ದುಡ್ಡು ತಗೊಳ್ಳಿ, "ಬಾಡಿಗೆ ವಾಪಸ್ ಮಾತ್ರ ತಲುಪಿದೆ" ಅಂತ ನಿಮ್ಮ ಕೈಯಾರೆ ಬರೆದು ಸೈನ್ ಮಾಡಿ, ಒಪ್ಪದಿದ್ರೆ ಆ ದುಡ್ಡೂ ಬೇಡ.

ಯಾರ ಮೇಲೆ? ಇಲ್ಲಿ ತೋಟದ ಮನೆ ಒಬ್ರದ್ದು, ಲೀಸಿಗೆ ನಡ್ಸೋರು ಇನ್ನೊಬ್ರು, ಬೋರ್ಡಿನ ಹೆಸರು ಮೂರನೇದು. ಬೋರ್ಡ್ ನೋಡಿ ನೋಟಿಸ್ ಕಳ್ಸಿದ್ರೆ ವಾಪಸ್ ಬರತ್ತೆ. ಬಿಲ್ಲಲ್ಲಿ ಜಿಎಸ್‌ಟಿ ನಂಬರ್ ಇದ್ರೆ ಜಿಎಸ್‌ಟಿ ಪೋರ್ಟಲಲ್ಲಿ ಹಾಕಿ, ಕಾನೂನುಬದ್ಧ ಹೆಸರು ದುಡ್ಡಿಲ್ಲದೆ ಸಿಗತ್ತೆ. ಬಿಲ್ಲೇ ಕೊಟ್ಟಿಲ್ಲ ಅಂದ್ರೆ ಯುಪಿಐ ಯಾರ ಹೆಸರಿಗೆ ಹೋಗಿದೆ ನೋಡಿ, ಪಂಚಾಯ್ತಿಯಲ್ಲೂ ವಿಚಾರಿಸಿ.

ಇಷ್ಟು ಕೈಯಲ್ಲಿದ್ರೆ ಈಗ ಕೂತು ಯೋಚನೆ ಮಾಡಿ. ಗಾಯ ಆಯ್ತು ಅನ್ನೋದೊಂದೇ ಸಾಕಾಗಲ್ಲ, ಅವರು ಮಾಡ್ಬೇಕಾಗಿದ್ದು ಏನನ್ನ ಮಾಡ್ಲಿಲ್ಲ ಅಂತ ಒಂದೇ ವಾಕ್ಯದಲ್ಲಿ ಹೇಳೋಕಾಗ್ಬೇಕು. ಕೋವಳಂನಲ್ಲಿ ಕೇರಳ ಟೂರಿಸಂ ಡೆವಲಪ್‌ಮೆಂಟ್ ಕಾರ್ಪೊರೇಶನ್ನಿನ ಹೋಟೆಲ್ ಪೂಲಲ್ಲಿ 2006ರಲ್ಲಿ ಅತಿಥಿಯೊಬ್ರು ಮುಳುಗಿ ತೀರಿಕೊಂಡ್ರು, ಅಲ್ಲಿ ಲೈಫ್‌ಗಾರ್ಡಿಗೆ ಬಾರ್ ಕೆಲಸಾನೂ ವಹಿಸಿದ್ರು. ರಾಷ್ಟ್ರೀಯ ಗ್ರಾಹಕ ಆಯೋಗ 62.5 ಲಕ್ಷ ಪರಿಹಾರ ಕೊಡಿಸ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡೀತು. ಅದೇ ನೀವು ಕುಡಿದು ರಾತ್ರಿ ಗೇಟ್ ಹಾರಿ ಹೊಳೆಗೆ ಇಳಿದು ಕಾಲು ಮುರ್ಕೊಂಡಿದ್ರೆ ಕೇಸ್ ಬೇಡ, ಖಂಡಿತ ಬೇಡ. ಇನ್ನು "ನಿಮ್ಮ ಸ್ವಂತ ಜವಾಬ್ದಾರಿಯಲ್ಲಿ" ಅಂತ ಬೋರ್ಡ್ ಇತ್ತು ಅಂತ ಹೆದರ್ಬೇಡಿ. ಹೋಟೆಲಿಗೆ ಕೊಟ್ಟ ಕಾರು ಕಳುವಾದ ಇನ್ನೊಂದು ಕೇಸಲ್ಲಿ, ತಮ್ಮದೇ ನಿರ್ಲಕ್ಷ್ಯ ಇದ್ದಾಗ ಅಂಥ ಷರತ್ತಿನ ಹಿಂದೆ ಅಡಗೋಕಾಗಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ.

ಆಮೇಲೆ ಲೆಕ್ಕ. ಆಸ್ಪತ್ರೆ ಬಿಲ್ಲು, ಔಷಧಿ, ಓಡಾಟ, ತಪ್ಪಿದ ಸಂಬಳ, ಜೊತೆಗಿದ್ದೋರ ರಜೆ, ಮುಂದೆ ರಾಡ್ ತೆಗೆಸೋ ಆಪರೇಷನ್ನಿನ ಖರ್ಚು (ಡಾಕ್ಟರ ಹತ್ರ ಅಂದಾಜು ಬರೆಸ್ಕೊಳ್ಳಿ). ನನ್ನ ಮಾತು ಕೇಳಿ, ಉಳುಕು, ಗೀಚು, ಹತ್ತಿಪ್ಪತ್ತು ಸಾವಿರದ ಖರ್ಚಾದ್ರೆ ಒಂದು ಒಳ್ಳೆ ನೋಟಿಸ್ ಕಳ್ಸಿ ಮಾತುಕತೇಲಿ ಮುಗಿಸ್ಕೊಳ್ಳಿ, 1915 ಗ್ರಾಹಕ ಸಹಾಯವಾಣಿಗೂ ಹೇಳಿ ನೋಡಿ. ಆಪರೇಷನ್ ಆಗಿದ್ರೆ, ಶಾಶ್ವತ ತೊಂದ್ರೆ ಉಳಿದಿದ್ರೆ, ದುಡಿಮೆ ನಿಂತಿದ್ರೆ ಹಾಕಲೇಬೇಕು. ಗೆದ್ದಿದ್ರಲ್ಲಿ ಇಷ್ಟು ಪರ್ಸೆಂಟ್ ಕೊಡಿ ಸಾಕು ಅನ್ನೋ ಲಾಯರ್ ಹತ್ರ ಹೋಗ್ಲೇಬೇಡಿ, ಬಾರ್ ಕೌನ್ಸಿಲ್ ನಿಯಮಕ್ಕೇ ಅದು ವಿರುದ್ಧ. ಇಂಟರ್ನೆಟ್ಟಲ್ಲಿ ಸಿಗೋ ರೆಡಿಮೇಡ್ ನೋಟಿಸೂ ಬೇಡ, ಬೇರೆ ರಾಜ್ಯದ ವಿಳಾಸ ಅದರಲ್ಲೇ ಉಳ್ಕೊಂಡಿರೋದನ್ನ ನೋಡಿದೀನಿ. ಹೆಣ್ಣುಮಕ್ಳು, ಮಕ್ಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರಿಗೆ ಆದಾಯ ನೋಡ್ದೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರು ಸಿಗ್ತಾರೆ, ನಂಬರ್ 15100.

ಪೊಲೀಸ್ ಕಂಪ್ಲೇಂಟ್ ಬೇರೆ ದಾರಿ, ನಿರ್ಲಕ್ಷ್ಯದಿಂದ ಬೇರೆಯೋರ ಜೀವಕ್ಕೆ ಅಪಾಯ ತಂದಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆ 125ನೇ ಸೆಕ್ಷನ್. ಅದರಲ್ಲಿ ಶಿಕ್ಷೆ ಆಗ್ಬಹುದು, ಆಸ್ಪತ್ರೆ ಖರ್ಚು ಬರತ್ತೆ ಅಂತ ಕಾಯ್ಬೇಡಿ. ಸಿವಿಲ್ ದಾವೆಗೆ ಕೋರ್ಟ್ ಫೀ ಜಾಸ್ತಿ. ನೀವು ಅಲ್ಲಿ ಕೆಲಸಕ್ಕಿದ್ದೋರಾದ್ರೆ ಗ್ರಾಹಕರಲ್ಲ, 2020ರ ಸಾಮಾಜಿಕ ಭದ್ರತಾ ಸಂಹಿತೆ ನೋಡ್ಬೇಕು (2025ರ ನವೆಂಬರ್‌ವರೆಗೆ ಇದಕ್ಕೆ 1923ರ ನೌಕರರ ಪರಿಹಾರ ಕಾಯ್ದೆ ಇತ್ತು). ಉಳಿದೋರಿಗೆ ನಾನು ಹೇಳೋದು ಗ್ರಾಹಕ ಆಯೋಗ ಒಂದೇ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಎರಡು ವರ್ಷದೊಳಗೆ ದೂರು ಕೊಡ್ಬೇಕು. ನೀವು ಕೊಟ್ಟ ಬಾಡಿಗೆ 50 ಲಕ್ಷದೊಳಗೆ ಇದ್ರೆ ಜಿಲ್ಲಾ ಆಯೋಗ, 5 ಲಕ್ಷದೊಳಗೆ ಇದ್ರೆ ಫೀ ಇಲ್ಲ, ಇಲ್ಲಿ ಲೆಕ್ಕಕ್ಕೆ ಬರೋದು ಕೊಟ್ಟ ದುಡ್ಡು, ಕೇಳೋ ಪರಿಹಾರ ಎಷ್ಟಾದ್ರೂ ಇರ್ಲಿ. ಮಡಿಕೇರಿಯಲ್ಲಿ ಹಾಕ್ಬಹುದು, ಬೆಂಗಳೂರೋರಾದ್ರೆ ನಿಮ್ಮೂರಲ್ಲೇ ಹಾಕ್ಬಹುದು, ಅದಕ್ಕೆ ಪದೇ ಪದೇ ಘಟ್ಟ ಹತ್ತೋ ಅಗತ್ಯ ಇಲ್ಲ. ಲಾಯರ್ ಕಡ್ಡಾಯ ಇಲ್ಲ, ಆನ್‌ಲೈನಲ್ಲಿ ಗ್ರಾಹಕ ಆಯೋಗಗಳ ಇ-ಜಾಗೃತಿ ಪೋರ್ಟಲಲ್ಲೂ ಕೊಡ್ಬಹುದು. ಹೋಟೆಲಿನೋರಿಗೆ ಉತ್ತರ ಕೊಡೋಕೆ 30 ದಿನ, ಮೇಲೆ ಇನ್ನೊಂದು 15 ದಿನ. ಮಧ್ಯದಲ್ಲಿ ರಾಜಿ ಮಾತು ಬಂದ್ರೆ ಆಗ ಸೈನ್ ಹಾಕಿ, ಆದ್ರೆ ಆಯೋಗದ ಮುಂದೆ, ದುಡ್ಡು ಯಾವ ತಾರೀಕಿಗೆ ಬರತ್ತೆ ಅಂತ ಬರೆಸ್ಕೊಂಡು.