ವಾಷಿಂಗ್ ಮಷಿನ್‌ಗೆ ನೀರು ತುಂಬುತ್ತಿಲ್ಲವೇ, ತುಂಬಿದ್ದು ಹೋಗುತ್ತಿಲ್ಲವೇ?

ಮಂಗಳೂರು, ಉಡುಪಿಯ ಮನೆಗಳಲ್ಲಿ ವಾಷಿಂಗ್ ಮಷಿನ್‌ಗೆ ವರ್ಷದಲ್ಲಿ ಎರಡು ಕಷ್ಟಕಾಲ. ಏಪ್ರಿಲ್, ಮೇ ತಿಂಗಳಲ್ಲಿ ತುಂಬೆ ಅಣೆಕಟ್ಟಿನಲ್ಲೋ ಬಜೆ ಅಣೆಕಟ್ಟಿನಲ್ಲೋ ನೀರಿನ ಮಟ್ಟ ಇಳಿದು, ನಳ್ಳಿ ನೀರಿಗೆ ಪಾಳಿ ಶುರುವಾದರೆ ಯಂತ್ರಕ್ಕೆ ನೀರು ಸರಿಯಾಗಿ ತುಂಬುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಒಗೆದ ನೀರು ಹೊರಗೆ ಹೋಗುವುದಿಲ್ಲ. ಎರಡೂ ಸಂದರ್ಭಗಳಲ್ಲಿ ಮೆಕ್ಯಾನಿಕ್ ಬಂದು ಬೆನ್ನಿನ ತಗಡು ಬಿಚ್ಚುವ ಮೊದಲು ಮನೆಯವರೇ ನೋಡಬಹುದಾದ, ನೋಡಲೇಬೇಕಾದ ಜಾಗಗಳಿವೆ: ನೀರು ಬರುವ ಪೈಪಿನ ಆ ತುದಿ ಮತ್ತು ಹೋಗುವ ಪೈಪಿನ ಈ ತುದಿ. ಒಂದು ಬಕೆಟ್, ಹಳೆಯ ಟೂತ್‌ಬ್ರಷ್, ಇಕ್ಕಳ ಇದ್ದರೆ ಸಾಕು.

ಕೈ ಹಾಕುವ ಮೊದಲು ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಈ ಕೆಲಸ ಮಾಡಬೇಡಿ.

ತುಂಬದಿದ್ದರೆ

ನಳ್ಳಿ ನಿಲ್ಲಿಸಿ, ಯಂತ್ರದ ಹಿಂಬದಿಯಿಂದ ಇನ್‌ಲೆಟ್ ಪೈಪನ್ನು ಕಳಚಿ, ಅದರ ಬಾಯಿಯನ್ನು ಬಕೆಟ್‌ಗೆ ಹಿಡಿದು ನಳ್ಳಿ ತೆರೆಯಿರಿ. ಒಂದು ನಿಮಿಷದಲ್ಲಿ ಐದಾರು ಲೀಟರ್ ಕೂಡ ಬಾರದಿದ್ದರೆ ದೋಷವನ್ನು ಮನೆಯ ನೀರಿನ ವ್ಯವಸ್ಥೆಯಲ್ಲಿ ಹುಡುಕಬೇಕು. ಬಹಳಷ್ಟು ಫುಲ್ ಆಟೊಮ್ಯಾಟಿಕ್ ಯಂತ್ರಗಳು ಕನಿಷ್ಠ 0.3 ಬಾರ್ ಆಸುಪಾಸಿನ ಒತ್ತಡ ಕೇಳುತ್ತವೆ. ನಿಮ್ಮ ಯಂತ್ರದ್ದು ಎಷ್ಟೆಂದು ಕೈಪಿಡಿಯಲ್ಲಿದೆ. 0.3 ಬಾರ್ ಎಂದರೆ ಟ್ಯಾಂಕಿನ ನೀರು ಯಂತ್ರಕ್ಕಿಂತ ಸುಮಾರು 3 ಮೀಟರ್ ಎತ್ತರದಲ್ಲಿರಬೇಕು. ಹಂಚಿನ ಮನೆಯ ಬಚ್ಚಲಿನ ಮೇಲೆಯೇ ಟ್ಯಾಂಕ್ ಕೂರಿಸಿದವರಿಗೂ ಫ್ಲ್ಯಾಟಿನ ಕೊನೆಯ ಮಹಡಿಯವರಿಗೂ ಈ ಎತ್ತರ ಸಿಗುವುದು ಕಷ್ಟ. ಅಂಥವರು ಟ್ಯಾಂಕಿನ ಸ್ಟ್ಯಾಂಡ್ ಎತ್ತರಿಸಬೇಕು, ಇಲ್ಲವೇ ಚಿಕ್ಕ ಪ್ರೆಷರ್ ಪಂಪ್ ಹಾಕಿಸಬೇಕು. ಟ್ಯಾಂಕ್ ಪೂರ್ತಿ ಬರಿದಾಗಿ ಮತ್ತೆ ತುಂಬಿದ ದಿನ ಮಾತ್ರ ಈ ತೊಂದರೆ ಕಂಡರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು. ಮನೆಯ ಅತಿ ಕೆಳಗಿನ ನಳ್ಳಿಯನ್ನು ಸ್ವಲ್ಪ ಹೊತ್ತು ಪೂರ್ತಿ ತೆರೆದಿಡಿ.

ಬಕೆಟ್‌ಗೆ ನೀರು ಧಾರಾಳವಾಗಿ ಬಂದರೆ, ಪೈಪ್ ಕಳಚಿದ ಜಾಗದಲ್ಲಿ ಯಂತ್ರದೊಳಗೆ ಇಣುಕಿ. ಬೆರಳ ತುದಿಯಷ್ಟು ಚಿಕ್ಕ ಜಾಲರಿ ಕಾಣುತ್ತದೆ. ಕರಾವಳಿಯಲ್ಲಿ ಅತಿ ಹೆಚ್ಚು ಗಮನ ಬೇಡುವ ಭಾಗ ಇದೇ ಎಂದು ನಾನು ಹೇಳುತ್ತೇನೆ. ಮುರಕಲ್ಲಿನ ನೆಲದ ಬಾವಿ, ಬೋರ್‌ವೆಲ್‌ಗಳ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಕೆಂಪು ಗಸಿ ಇಲ್ಲಿ ಕಟ್ಟಿಕೊಳ್ಳುತ್ತದೆ. ಟ್ಯಾಂಕಿನ ತಳದ ಕೆಸರೂ ಇಲ್ಲಿಗೇ ಬಂದು ನಿಲ್ಲುತ್ತದೆ. ಜಾಲರಿಯನ್ನು ಇಕ್ಕಳದಿಂದ ಮೆಲ್ಲಗೆ ನೇರವಾಗಿ ಎಳೆದು ಬ್ರಷ್‌ನಿಂದ ಉಜ್ಜಿ. ಕೆಂಪು ಬಿಡದಿದ್ದರೆ ಲಿಂಬೆ ರಸದಲ್ಲಿ ಸ್ವಲ್ಪ ಹೊತ್ತು ನೆನೆಸಿ ತೊಳೆಯಿರಿ. ಹಿತ್ತಲಿನಲ್ಲಿ ಬಿಂಬುಳಿ ಇದ್ದವರಿಗೆ ಅದರ ರಸವೇ ಸಾಕು, ತುಕ್ಕಿನ ಕಲೆ ತೆಗೆಯುವುದರಲ್ಲಿ ಅದು ಗಟ್ಟಿಗ. ಜಾಲರಿ ಕಿರಿಕಿರಿಯೆಂದು ತೆಗೆದೆಸೆಯುವವರಿದ್ದಾರೆ; ದಯವಿಟ್ಟು ಹಾಗೆ ಮಾಡಬೇಡಿ. ಮರಳಿನ ಕಣ ವಾಲ್ವ್‌ನೊಳಗೆ ಹೋದರೆ ಅದು ಮುಚ್ಚಿಕೊಳ್ಳದೆ ಮನೆಯೆಲ್ಲ ನೀರಾಗುತ್ತದೆ.

ಯಂತ್ರಕ್ಕೆ ಬಿಸಿ, ತಣ್ಣೀರಿಗೆ ಎರಡು ಪ್ರತ್ಯೇಕ ಬಾಯಿಗಳಿದ್ದು ಒಂದಕ್ಕೆ ಮಾತ್ರ ಪೈಪ್ ಹಾಕಿದ್ದರೆ, ಒಗೆತವನ್ನು ತಣ್ಣೀರಿಗೆ ಹೊಂದಿಸಿ.

ತುಂಬುತ್ತಲೇ ಇದ್ದು ಮಟ್ಟ ಏರದಿದ್ದರೆ

ಇಲ್ಲಿ ದೋಷ ನೀರು ಹೋಗುವ ಬದಿಯಲ್ಲಿರುವುದೇ ಹೆಚ್ಚು. ಟಾಪ್ ಲೋಡ್ ಯಂತ್ರಕ್ಕೆ ನೀರು ತುಂಬಿಸಿ, ಪಾಜ್ (Pause) ಒತ್ತಿ, ಮಟ್ಟ ಗುರುತಿಟ್ಟು ಕಾಲು ಗಂಟೆ ಕಾಯಿರಿ. ಮಟ್ಟ ಇಳಿದು ಡ್ರೇನ್ ಪೈಪಿನಲ್ಲಿ ಸಣ್ಣಗೆ ನೀರು ಸೋರುತ್ತಿದ್ದರೆ ಡ್ರೇನ್ ವಾಲ್ವ್‌ನಲ್ಲಿ ಗುಂಡಿಯೋ ಬಟ್ಟೆಯ ಚೂರೋ ಸಿಕ್ಕಿದೆ. ಪಂಪ್ ಇರುವ ಫ್ರಂಟ್ ಲೋಡ್‌ನಲ್ಲಿ ಡ್ರೇನ್ ಪೈಪಿನ ತುದಿ ನೆಲದಲ್ಲಿ ಬಿದ್ದಿದ್ದರೆ ತುಂಬಿದ ನೀರು ತಾನಾಗಿ ಹೊರಗೆ ಎಳೆದುಕೊಂಡು ಹೋಗುತ್ತದೆ. ಆ ಪೈಪ್ ನೆಲದಿಂದ ಸಾಮಾನ್ಯವಾಗಿ 60ರಿಂದ 100 ಸೆಂಟಿಮೀಟರ್ ಎತ್ತರಕ್ಕೆ ಏರಿ ಇಳಿಯಬೇಕು.

ಇದರ ತದ್ವಿರುದ್ಧ ತೊಂದರೆ, ನೀರು ನಿಲ್ಲದೆ ಉಕ್ಕುವುದು. ಆಗ ಪ್ಲಗ್ ಕೀಳಿ. ಆಮೇಲೂ ನೀರು ಸುರಿಯುತ್ತಿದ್ದರೆ ಇನ್‌ಲೆಟ್ ವಾಲ್ವ್ ಕೆಟ್ಟಿದೆ. ನಿಂತರೆ ಮಟ್ಟ ಅಳೆಯುವ ಸೆನ್ಸರ್, ಅದರ ಸಪೂರ ನಳಿಕೆ ಅಥವಾ ಬೋರ್ಡ್ ಮೇಲೆ ಸಂಶಯ. ಎರಡೂ ಮೆಕ್ಯಾನಿಕ್‌ನ ಕೆಲಸ.

ನೀರು ಹೋಗದಿದ್ದರೆ

ಡ್ರೇನ್ ಪೈಪಿನ ತುದಿಯನ್ನು ಗೋಡೆಯ ತೂತಿನಿಂದ ತೆಗೆದು ಬಚ್ಚಲಿನ ನೆಲದತ್ತ ತಿರುಗಿಸಿ, ಸ್ಪಿನ್ ಮಾತ್ರ ಓಡಿಸಿ. ನೀರು ರಭಸದಿಂದ ಬಂದರೆ ಯಂತ್ರ ಚೆನ್ನಾಗಿದೆ, ಮುಂದಿನ ದಾರಿ ಕಟ್ಟಿದೆ. ಮಳೆಗಾಲದಲ್ಲಿ ಹೊರಗಿನ ಚೇಂಬರಿನ ಮುಚ್ಚಳ ತೆಗೆದು ನೋಡಿ. ಅದು ತುಂಬಿ ಪೈಪಿನ ಬಾಯಿ ಮುಳುಗಿದ್ದರೆ ನೀರು ಎಲ್ಲಿಗೂ ಹೋಗಲಾರದು. ಒಗೆದ ನೀರನ್ನು ತೆಂಗಿನ ಬುಡಕ್ಕೆ ಬಿಡುವ ನಮ್ಮ ರೂಢಿ ಒಳ್ಳೆಯದೇ. ಆದರೆ ಬೇಸಗೆಯಲ್ಲಿ ಚೆನ್ನಾಗಿದ್ದ ಆ ಕಟ್ಟೆ ಜುಲೈಯಲ್ಲಿ ಮಳೆನೀರಿನಿಂದ ಭರ್ತಿ. ಪೈಪಿನ ತುದಿ ಮಣ್ಣಿನಿಂದ ಒಂದು ಗೇಣು ಮೇಲಿರಲಿ. ಪಂಪ್ ಇಲ್ಲದ ಟಾಪ್ ಲೋಡ್‌ನಲ್ಲಿ ನೀರು ಇಳಿಜಾರಿನಲ್ಲೇ ಹರಿಯಬೇಕು, ಆದ್ದರಿಂದ ಪೈಪನ್ನು ಹೊಸ್ತಿಲು ದಾಟಿಸಿ ಎತ್ತಬೇಡಿ.

ನೀರು ಬಾರದೆ ಗುಂಯ್‌ಗುಡುವ ಸದ್ದು ಮಾತ್ರ ಕೇಳಿದರೆ ಪಂಪಿನಲ್ಲಿ ಏನೋ ಸಿಕ್ಕಿದೆ. ಫ್ರಂಟ್ ಲೋಡ್‌ನಲ್ಲಿ ಮುಂಭಾಗದ ಕೆಳಮೂಲೆಯಲ್ಲಿ ಚಿಕ್ಕ ಬಾಗಿಲಿನ ಹಿಂದೆ ಫಿಲ್ಟರ್ ಇರುತ್ತದೆ. ಬಿಸಿನೀರಿನಲ್ಲಿ ಒಗೆದಿದ್ದರೆ ಆರುವವರೆಗೆ ಕಾಯಿರಿ. ಮತ್ತೆ ಪ್ಲಗ್ ಕಿತ್ತು, ತಟ್ಟೆ, ಹಳೆಯ ಬೈರಾಸು ಕೆಳಗಿಟ್ಟು ಮುಚ್ಚಳವನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ, ನೀರು ಇಳಿಯಲು ಬಿಡಿ. ನಾಣ್ಯ, ಹೇರ್‌ಪಿನ್ ಅಥವಾ ಮಲ್ಪೆ, ಪಣಂಬೂರಿನ ಕಡಲತೀರದಿಂದ ಮಕ್ಕಳ ಜೇಬಿನಲ್ಲಿ ಬಂದ ಮರಳು ಸಿಕ್ಕೀತು. ಒಳಗಿನ ಪುಟ್ಟ ರೆಕ್ಕೆಯನ್ನು ಕಡ್ಡಿಯಿಂದ ತಿರುಗಿಸಿ. ತಡೆತಡೆದು ತಿರುಗಿದರೆ ಸರಿಯಿದೆ. ಕೈಯಲ್ಲಿ ಒಗೆಯುವ ಪುಡಿ ಹಾಕಿ ನೊರೆ ಹೆಚ್ಚಾದರೂ ಪಂಪ್ ನೀರನ್ನು ಎಳೆಯಲಾರದು.

ಪೈಪಿನ ಸುತ್ತ ಹಲ್ಲಿನ ಗುರುತು ಕಂಡರೆ ಇಲಿಯ ಕೆಲಸ. ಅಡಿಯಿಂದ ನುಗ್ಗಿ ವಯರ್ ಕಡಿದಿರುವ ಸಾಧ್ಯತೆಯಿದೆ, ಆದ್ದರಿಂದ ಪ್ಲಗ್ ಹಾಕದೆ ಮೆಕ್ಯಾನಿಕ್‌ನನ್ನು ಕರೆಯಿರಿ.

ಕರೆಯುವಾಗ ಪರದೆಯ ಮೇಲಿನ ಸಂಕೇತವನ್ನು ಹೇಳಿ. ಎಲ್‌ಜಿಯಲ್ಲಿ ಐಇ ಎಂದರೆ ನೀರು ತುಂಬುತ್ತಿಲ್ಲ, ಓಇ ಎಂದರೆ ಹೋಗುತ್ತಿಲ್ಲ. ಸ್ಯಾಮ್‌ಸಂಗ್‌ನಲ್ಲಿ ಕ್ರಮವಾಗಿ 4ಸಿ ಮತ್ತು 5ಸಿ, ಹಳೆಯ ಮಾದರಿಗಳಲ್ಲಿ 4ಇ ಮತ್ತು 5ಇ. ಜೊತೆಗೆ ಮಾದರಿ ಸಂಖ್ಯೆ, ಬಕೆಟ್ ಪರೀಕ್ಷೆಯಲ್ಲಿ ಕಂಡದ್ದು, ಪಂಪಿನ ಸದ್ದು ಬರುತ್ತದೆಯೇ ಇಲ್ಲವೇ ಎಂಬುದನ್ನೂ ತಿಳಿಸಿದರೆ ಅವರು ಬೇಕಾದ ಬಿಡಿಭಾಗವನ್ನು ಮೊದಲ ಸಲವೇ ತರಬಹುದು. ವಾರಂಟಿ ಇನ್ನೂ ಇದ್ದರೆ ಜಾಲರಿ, ಫಿಲ್ಟರ್ ಬಿಟ್ಟು ಒಂದು ಸ್ಕ್ರೂವನ್ನೂ ನೀವು ಬಿಚ್ಚಬೇಡಿ.