ತಟ್ಟೆ ಕೂಡಿಕೊಂಡೇ ಇರುವ ಹೂಕುಂಡ

ಅಮೆರಿಕದ ಪೆನ್ಸಿಲ್ವೇನಿಯಾದ ಹಳೆ ಕೆಂಪು ಮಣ್ಣಿನ ಹೂಕುಂಡಗಳಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಅವುಗಳ ತಟ್ಟೆ. ಕುಂಡ ಬೇರೆ, ತಟ್ಟೆ ಬೇರೆ ಅಲ್ಲ, ಎರಡೂ ಸೇರಿ ಒಂದೇ. 18ನೇ ಶತಮಾನದಲ್ಲಿ ಇಲ್ಲಿ ನೆಲೆಸಿದ ಜರ್ಮನ್ ಕುಂಬಾರರು ಸುತ್ತಮುತ್ತಲಿನ ಕಬ್ಬಿಣದಂಶದ ಮಣ್ಣಲ್ಲೇ ಪಾತ್ರೆ ಮಾಡುತ್ತಿದ್ದರು. ಮುಂದಿನ ಶತಮಾನದಲ್ಲಿ ಬೆಲ್ ಮನೆತನದ ಕುಂಬಾರರು ಇಲ್ಲಿನ ವೇನ್ಸ್‌ಬರೊದಲ್ಲೂ ವರ್ಜೀನಿಯಾದ ಸ್ಟ್ರಾಸ್‌ಬರ್ಗ್‌ನಲ್ಲೂ ಹೂಕುಂಡ ಮಾಡಿದರು. ಚಳಿಗಾಲದಲ್ಲಿ ಗಿಡವನ್ನು ಒಳಗೆ, ಕಿಟಕಿ ಹತ್ತಿರ ಇಡಬೇಕು. ಕಿಟಕಿಯ ಮರದ ಹಲಗೆ ನೆನೆಯಲೂಬಾರದು, ಅದಕ್ಕೇ ಕೂಡಿಕೊಂಡ ತಟ್ಟೆ ಅನುಕೂಲ. ನಮ್ಮ ಮನೆಯ ತುಳಸಿಗೂ ಇದೇ ಬೇಕಿತ್ತು.

ಆ ಕುಂಬಾರರು ತಿಗುರಿಯ ಮೇಲೆ ಮಾಡುತ್ತಿದ್ದರು. ನಾನು ಕೈಯಲ್ಲೇ ಮಾಡುತ್ತೇನೆ. ಮೊದಲು ಸುಮಾರು ಒಂದು ಸೆಂಟಿಮೀಟರ್ ದಪ್ಪಕ್ಕೆ ಮಣ್ಣು ತಟ್ಟಿ, ಅಗಲವಾದ ಬಿಲ್ಲೆ ಕತ್ತರಿಸುತ್ತೇನೆ. ಅದರ ಅಂಚನ್ನು ಮೇಲಕ್ಕೆತ್ತಿದರೆ ತಟ್ಟೆ ಆಯಿತು. ಕುಂಡದ ಗೋಡೆ ಏಳುವುದು ಅದರೊಳಗೇ. ಗೋಡೆ ಕೂರುವ ಕಡೆ ಫೋರ್ಕ್‌ನಿಂದ ಗೀರಿ, ಮಣ್ಣಿನ ರಾಡಿ ಬಳಿದು, ಹೊಸೆದ ಮಣ್ಣಿನ ಬತ್ತಿಯನ್ನು ಸುತ್ತಿಡುತ್ತೇನೆ. ಒಂದರ ಮೇಲೊಂದು ಬತ್ತಿ ಕೂರಿಸಿ, ಒಳಗೂ ಹೊರಗೂ ಬೆರಳಿಂದ ಉಜ್ಜಿ ಕೂಡಿಸಬೇಕು. ಒಳಗಡೆ ಉದಾಸೀನ ಮಾಡಿದರೆ ಒಣಗುವಾಗ ಅಲ್ಲೇ ಬಿರುಕು ಬಿಡುತ್ತದೆ.

ಕೊನೆಯ ಬತ್ತಿ ಇನ್ನೂ ಮೆತ್ತಗಿರುವಾಗಲೇ ಬಾಯಂಚನ್ನು ಚಿವುಟಬೇಕು. ಹೆಬ್ಬೆರಳು ಹೊರಗೆ, ಎರಡು ಬೆರಳು ಒಳಗೆ. ಕರ್ಜಿಕಾಯಿಯ ಅಂಚು ಮಡಿಸುತ್ತೇವಲ್ಲ, ಥೇಟ್ ಹಾಗೆ. ತಟ್ಟೆಯ ಅಂಚಿಗೂ ಇದೇ ಚಿವುಟು. ಹಳೆ ಕುಂಡಗಳ ಅಂದವೆಲ್ಲ ಇರುವುದು ಇಲ್ಲೇ. ಅಳತೆ ಹಿಡಿದು ಚಿವುಟಿದರೆ ಅಚ್ಚಿನಲ್ಲಿ ಒತ್ತಿದ ಹಾಗೆ ಕಾಣುತ್ತದೆ, ಕೈ ಹೋದ ಹಾಗೆ ಹೋಗಲಿ.

ನೀರಿನ ತೂತು ತಳದಲ್ಲಲ್ಲ, ಗೋಡೆಯ ಬುಡದಲ್ಲಿ, ತಟ್ಟೆಗೆ ತಾಗಿಕೊಂಡು ಬರಬೇಕು. ಮಣ್ಣು ಸ್ವಲ್ಪ ಬಿಗಿಯಾದ ಮೇಲೆ ಮೂರು ಕಡೆ ಕೊರೆಯುತ್ತೇನೆ. ಮಣ್ಣು ಒಣಗಿ ಸುಟ್ಟಾಗ ತೂತೂ ಚಿಕ್ಕದಾಗುತ್ತದೆ, ಅದಕ್ಕೇ ಕಿರುಬೆರಳು ಹಿಡಿಸುವಷ್ಟು ಬಿಡಬೇಕು. ಆಮೇಲೆ ಪ್ಲಾಸ್ಟಿಕ್ ಹೊದಿಸಿ ನಿಧಾನವಾಗಿ ಒಣಗಿಸುವುದು. ತಟ್ಟೆಯ ಅಂಚು ಬೇಗ ಒಣಗಿ, ಗೋಡೆಯ ಬುಡ ಹಸಿಯಾಗೇ ಉಳಿದರೆ ಕೂಡಿದ ಜಾಗ ಬಿಟ್ಟುಕೊಳ್ಳುತ್ತದೆ.

ಆಗಿನವರು ಪಾತ್ರೆಗೆ ಹಾಕುತ್ತಿದ್ದ ಹೊಳಪು ಸೀಸದ್ದು, ಕುಂಬಾರರ ಮೈಗೇ ವಿಷ. ನಾನು ತಟ್ಟೆಯ ಒಳಗೆ ಮಾತ್ರ ಸೀಸವಿಲ್ಲದ ಗ್ಲೇಜ್ ಬಳಿಯುತ್ತೇನೆ, ಹಲಗೆಗೆ ನೀರು ಇಳಿಯಬಾರದಲ್ವಾ! ಕುಂಡದ ಮೈ ಹಾಗೇ ಇರಲಿ, ಬೇರಿಗೆ ಗಾಳಿ ಆಡುತ್ತದೆ. ಕರೆಂಟ್ ಭಟ್ಟಿಯಲ್ಲಿ ಸುಮಾರು 1,050 ಡಿಗ್ರಿ ಸೆಲ್ಸಿಯಸ್‌ಗೆ ಸುಟ್ಟರೆ ಒಳ್ಳೆ ಇಟ್ಟಿಗೆಗೆಂಪು ಬರುತ್ತದೆ.

ಕೆಲವು ತಿಂಗಳಲ್ಲಿ ಹೊರಮೈ ಮೇಲೆ ಬಿಳಿ ಪುಡಿ ಕೂರುತ್ತದೆ. ಅದು ನೀರಿನ, ಗೊಬ್ಬರದ ಉಪ್ಪು, ಒದ್ದೆ ಬ್ರಷ್‌ನಿಂದ ಉಜ್ಜಿದರೆ ಸಾಕು. ಹಿಮ ಬೀಳುವ ಊರಲ್ಲಿದ್ದರೆ ಖಾಲಿ ಕುಂಡವನ್ನೂ ಹೊರಗೆ ಬಿಡಬೇಡಿ. ಹೀರಿದ ನೀರು ಹೆಪ್ಪುಗಟ್ಟಿದರೆ ಮೊದಲು ಸಿಡಿಯುವುದು ತಟ್ಟೆಯೇ.