ಅನ್ನ ಬಿಟ್ಟು ತುಪ್ಪ ಹಿಡಿದಿದ್ದೀರಾ? ಲಿಪಿಡ್ ರಿಪೋರ್ಟ್ ಓದುವುದು ಹೀಗೆ

ಅನ್ನ, ಇಡ್ಲಿ, ದೋಸೆ ಬಿಟ್ಟು ಮೊಟ್ಟೆ, ಪನೀರ್, ತುಪ್ಪ ತಿಂದು ತೂಕ ಇಳಿಸುವವರು ಬೆಂಗಳೂರಿನಲ್ಲಿ ಈಗ ಪ್ರತಿ ಆಫೀಸಿನಲ್ಲೂ ಸಿಗುತ್ತಾರೆ. ಹೊಟ್ಟೆ ಕರಗುತ್ತದೆ, ಶುಗರ್ ಇಳಿಯುತ್ತದೆ. ಆಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಒಂದು ಅಂಕಿ ಇಳಿದಿರುತ್ತದೆ, ಇನ್ನೊಂದು ಏರಿರುತ್ತದೆ. ಇಳಿದದ್ದನ್ನು ನೋಡಿ ಖುಷಿಪಡಿ. ಆದರೆ ಏರಿದ್ದನ್ನು ಸುಮ್ನೆ ಬಿಡಬೇಡಿ.

1. ಶುರು ಮಾಡುವ ಮೊದಲೇ ರಕ್ತ ಕೊಡಿ

ಹಳೆಯ ಅಂಕಿ ಕೈಯಲ್ಲಿಲ್ಲದಿದ್ದರೆ ಹೊಸದನ್ನು ಯಾವುದಕ್ಕೆ ಹೋಲಿಸುತ್ತೀರಿ? ರಕ್ತದಲ್ಲಿನ ಕೊಬ್ಬು, ಕೊಲೆಸ್ಟ್ರಾಲ್ ಅಳೆಯುವ ಲಿಪಿಡ್ ಪ್ರೊಫೈಲ್ ಮಾಡಿಸಿ. ಜೊತೆಗೆ ಥೈರಾಯ್ಡ್ ನೋಡುವ ಟಿಎಸ್‌ಎಚ್ ಪರೀಕ್ಷೆಯೂ ಇರಲಿ, ಥೈರಾಯ್ಡ್ ಕಡಿಮೆಯಿದ್ದರೂ ಕೊಲೆಸ್ಟ್ರಾಲ್ ಏರುತ್ತದೆ. ಹೃದಯಕ್ಕೆ ಅಪಾಯ ತರುವ ಒಂದು ಕೊಲೆಸ್ಟ್ರಾಲ್ ಕಣವನ್ನು ಅಳೆಯುವ ಲಿಪೊಪ್ರೋಟೀನ್-ಎ ಪರೀಕ್ಷೆಯನ್ನು ಜೀವನದಲ್ಲಿ ಒಮ್ಮೆಯಾದರೂ ಮಾಡಿಸಿ ಎಂದು ಭಾರತದ ಹೃದ್ರೋಗ ತಜ್ಞರ ಸಂಘ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ಇದು ಹೆಚ್ಚಾಗಿ ಅಪ್ಪ-ಅಮ್ಮನಿಂದ ಬರುವಂಥದ್ದು, ಊಟ ಬದಲಿಸಿದರೆ ಅಷ್ಟಾಗಿ ಬದಲಾಗುವುದಿಲ್ಲ.

ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಮೊದಲು ಡಾಕ್ಟರನ್ನು ಕೇಳಲೇಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಾ ದಿಢೀರನೆ ಅನ್ನ ಬಿಟ್ಟರೆ ಶುಗರ್ ಅಪಾಯಕಾರಿಯಾಗಿ ಕುಸಿಯಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುವವರು ಹೀಗೆ ಅನ್ನ ಬಿಟ್ಟರೆ ರಕ್ತ ಆಮ್ಲವಾಗುವ ಭಯವಿದೆ. ಇದು ಆಸ್ಪತ್ರೆಗೆ ಸೇರಿಸುವ ಮಟ್ಟದ ತೊಂದರೆ.

2. ಯಾವುದು ಇಳಿಯುತ್ತದೆ, ಯಾವುದು ಏರುತ್ತದೆ

ಬೆಳಿಗ್ಗೆ ಖಾರಾಬಾತ್-ಕೇಸರಿಬಾತ್, ಮಧ್ಯಾಹ್ನ ಅನ್ನ, ಸಂಜೆ ಬೋಂಡಾ, ರಾತ್ರಿ ಮತ್ತೆ ಅನ್ನ. ಹೀಗೆ ತಿಂದಾಗ ಮಿಕ್ಕ ಪಿಷ್ಟ, ಸಕ್ಕರೆಯನ್ನು ಲಿವರ್ ಟ್ರೈಗ್ಲಿಸರೈಡ್ ಎಂಬ ಕೊಬ್ಬಾಗಿ ಮಾಡಿ ರಕ್ತಕ್ಕೆ ಬಿಡುತ್ತದೆ. ಅದು ಏರಿದಾಗ ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಇಳಿಯುತ್ತದೆ. ನಮ್ಮ ಜನರಲ್ಲಿ ಬಹಳ ಕಾಣುವ ಜೋಡಿ ಇದು. ಹಾಗಾಗಿ ಅನ್ನ, ಸಿಹಿ ಕಡಿಮೆ ಮಾಡಿದರೆ ಕೆಲವೇ ವಾರಗಳಲ್ಲಿ ಟ್ರೈಗ್ಲಿಸರೈಡ್ ಇಳಿಯುತ್ತದೆ, ಎಚ್‌ಡಿಎಲ್ ತುಸು ಏರುತ್ತದೆ. ಈ ಲಾಭ ನಿಜವಾದದ್ದೇ.

ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಕತೆ ಬೇರೆ. ರಕ್ತದಿಂದ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವುದು ಲಿವರಿನ ಕೆಲಸ. ತುಪ್ಪ, ಬೆಣ್ಣೆಯಲ್ಲಿ ಹೆಚ್ಚಿರುವ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿಯಾದರೆ ಆ ಕೆಲಸ ನಿಧಾನವಾಗುತ್ತದೆ, ಕಣಗಳು ರಕ್ತದಲ್ಲೇ ಸುತ್ತುತ್ತವೆ. ಕೆಲವರಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ. ಇನ್ನು ಕೆಲವರಲ್ಲಿ, ಅದರಲ್ಲೂ ಮೊದಲೇ ತೆಳ್ಳಗಿದ್ದು ಪಿಷ್ಟವನ್ನು ಪೂರ್ತಿ ಬಿಟ್ಟವರಲ್ಲಿ, ಎಲ್‌ಡಿಎಲ್ 200 ದಾಟುವುದುಂಟು (ಇಲ್ಲಿನ ರಕ್ತದ ಅಂಕಿಗಳೆಲ್ಲ mg/dLನಲ್ಲಿ). ನೀವು ಯಾವ ಗುಂಪು ಎಂದು ಪರೀಕ್ಷೆ ಮಾಡಿಸದೆ ಗೊತ್ತಾಗುವುದಿಲ್ಲ.

3. ಕೊಬ್ಬನ್ನು ಆರಿಸಿ

ಅನ್ನ ಬಿಟ್ಟ ಜಾಗಕ್ಕೆ ತುಪ್ಪವೇ ಬರಬೇಕೆಂದಿಲ್ಲ, ಅಲ್ವಾ? ತುಪ್ಪದಲ್ಲಿ ನೂರಕ್ಕೆ ಸುಮಾರು 60 ಭಾಗ, ಕೊಬ್ಬರಿ ಎಣ್ಣೆಯಲ್ಲಿ 80 ಭಾಗಕ್ಕಿಂತ ಹೆಚ್ಚು ಸ್ಯಾಚುರೇಟೆಡ್ ಕೊಬ್ಬು. ಕಡಲೆಕಾಯಿ ಎಣ್ಣೆಯಲ್ಲಿ ಅದು 20ರ ಒಳಗೆ. ದಿನಕ್ಕೆ 2,000 ಕ್ಯಾಲರಿ ತಿನ್ನುವವರಿಗೆ ಸ್ಯಾಚುರೇಟೆಡ್ ಕೊಬ್ಬಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಸುಮಾರು 22 ಗ್ರಾಂ. ಮೂರು ದೊಡ್ಡ ಚಮಚ ತುಪ್ಪಕ್ಕೇ ಅದು ದಾಟುತ್ತದೆ. ಬೆಳಿಗ್ಗೆ ಕಾಫಿಗೆ ತುಪ್ಪ ಹಾಕಿಕೊಳ್ಳುವ ರೂಢಿಯನ್ನು ಇದಕ್ಕೇ ಬಿಡಿ ಎನ್ನುತ್ತೇನೆ. ಬಸವನಗುಡಿಯ ಪರಿಷೆಯಲ್ಲಿ ರಾಶಿ ಹಾಕುವ ಕಡಲೆಕಾಯಿ ಇದಕ್ಕಿಂತ ಎಷ್ಟೋ ಮೇಲು. ಬಾದಾಮಿ, ಎಳ್ಳು, ಮೀನು, ಮೊಳಕೆಕಾಳು, ಸೊಪ್ಪಿನ ಪಲ್ಯ ಎಲ್ಲವೂ ಇವೆ.

4. ಮೂರು ತಿಂಗಳಿಗೆ ಮತ್ತೆ ಪರೀಕ್ಷೆ

ಮೊದಲ ಸಲ ಖಾಲಿ ಹೊಟ್ಟೆಯಲ್ಲಿ ಕೊಟ್ಟಿದ್ದರೆ ಈಗಲೂ ಹಾಗೇ ಕೊಡಿ. ತೂಕ ಭರದಿಂದ ಇಳಿಯುತ್ತಿರುವಾಗ ಎಲ್‌ಡಿಎಲ್ ತಾತ್ಕಾಲಿಕವಾಗಿ ಏರಬಹುದು, ತೂಕ ನಿಂತ ಮೇಲೆ ನೋಡುವುದು ಒಳ್ಳೆಯದು.

ಒಂದು ರಿಪೋರ್ಟ್ ಹೀಗಿದೆ ಎಂದುಕೊಳ್ಳಿ. ಮೊದಲು: ಒಟ್ಟು ಕೊಲೆಸ್ಟ್ರಾಲ್ 200, ಎಚ್‌ಡಿಎಲ್ 36, ಟ್ರೈಗ್ಲಿಸರೈಡ್ 240. ಈಗ: 230, 44, 120. ಅನೇಕ ಲ್ಯಾಬ್‌ಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕುತ್ತವೆ. ಒಟ್ಟು ಅಂಕಿಯಿಂದ ಎಚ್‌ಡಿಎಲ್ ಕಳೆಯಿರಿ, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯಿರಿ. ಮೊದಲು 116, ಈಗ 162. ಟ್ರೈಗ್ಲಿಸರೈಡ್ 400 ದಾಟಿದ್ದರೆ ಈ ಲೆಕ್ಕ ನಡೆಯುವುದಿಲ್ಲ.

ಇನ್ನೂ ಸುಲಭದ್ದು ನಾನ್-ಎಚ್‌ಡಿಎಲ್. ಒಟ್ಟು ಅಂಕಿಯಿಂದ ಎಚ್‌ಡಿಎಲ್ ಮಾತ್ರ ಕಳೆದರೆ ಆಯಿತು. ರಕ್ತನಾಳಕ್ಕೆ ಅಂಟುವ ಎಲ್ಲ ಕಣಗಳ ಕೊಲೆಸ್ಟ್ರಾಲೂ ಇದರಲ್ಲಿ ಸೇರುತ್ತದೆ. ಈ ರಿಪೋರ್ಟಿನಲ್ಲಿ ಅದು 164ರಿಂದ 186ಕ್ಕೆ ಹೋಗಿದೆ. ಸಾಮಾನ್ಯವಾಗಿ 130ರ ಒಳಗಿರಬೇಕಾದದ್ದು. ಟ್ರೈಗ್ಲಿಸರೈಡ್ ಅರ್ಧಕ್ಕಿಳಿದರೂ ರಕ್ತನಾಳದ ಮೇಲಿನ ಭಾರ ಕಡಿಮೆಯಾಗಿಲ್ಲ. “ಟ್ರೈಗ್ಲಿಸರೈಡ್ ಇಳಿದರೆ ಸಾಕು, ಎಲ್‌ಡಿಎಲ್ ಎಷ್ಟಿದ್ದರೇನು” ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಂಶಯವಿದ್ದರೆ ಅಪೊ-ಬಿ ಪರೀಕ್ಷೆ ಕೇಳಿ, ಅದು ಕಣಗಳ ಎಣಿಕೆಯನ್ನೇ ತೋರಿಸುತ್ತದೆ.

5. ಏರಿದರೆ ಏನು ಮಾಡಬೇಕು

ತುಪ್ಪ, ಬೆಣ್ಣೆ, ಕೊಬ್ಬರಿ ಎಣ್ಣೆ ಇಳಿಸಿ. ಕಾಳು, ಅವರೆ, ತರಕಾರಿ, ಒಂದು ಸಣ್ಣ ರಾಗಿ ಮುದ್ದೆ ವಾಪಸ್ ತನ್ನಿ. ಮೈದಾ, ಸಕ್ಕರೆ ಮಾತ್ರ ದೂರವೇ ಇರಲಿ. ಆರರಿಂದ ಎಂಟು ವಾರ ಬಿಟ್ಟು ಮತ್ತೆ ರಕ್ತ ಕೊಡಿ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನು ನೀವಾಗೇ ನಿಲ್ಲಿಸಬೇಡಿ.

ಎಲ್‌ಡಿಎಲ್ 190 ದಾಟಿದ್ದರೆ, ಅಥವಾ ಹತ್ತಿರದ ರಕ್ತಸಂಬಂಧಿಗಳಲ್ಲಿ ಗಂಡಸರಿಗೆ 55 ವರ್ಷದೊಳಗೆ, ಹೆಂಗಸರಿಗೆ 65ರೊಳಗೆ ಹೃದಯಾಘಾತ ಆಗಿದ್ದರೆ, ಆ ಎಂಟು ವಾರ ಕಾಯಬೇಡಿ. ಎರಡೂ ರಿಪೋರ್ಟ್ ಹಿಡಿದು ಇದೇ ವಾರ ಡಾಕ್ಟರ ಬಳಿ ಹೋಗಿ. ಏನು ತಿನ್ನುತ್ತಿದ್ದೀರಿ, ಎಷ್ಟು ತುಪ್ಪ ಬಳಸುತ್ತಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಿ.